ಸ್ಕ್ರಮ್ಮಿನಲ್ಲಿ ಮೂವರು ಮಾಸ್ತರರು

ನಿಜಾಮನ ರಾಜ್ಯ ಭಾರತಕ್ಕೆ ಸೇರಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಭಾಲ್ಕಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ನನ್ನನ್ನು ಜಿಲ್ಲೆಯ ಬೇರೆ ಮಾಸ್ತರರ ಜೊತೆ ರಗ್ಬಿ ಕಲಿಯಲು ಬೀದರಿಗೆ ಕಳಿಸಿದರು. ಕಲಿಸುವವರು ಪಂಜಾಬಿನ ಒಬ್ಬ ಮಿಲಿಟರಿ ಕ್ಯಾಪ್ಟನ್.

"ಎರಡೂ ತಂಡದವರು ಬಾಗಿ, ಹೆಗಲಿಗೆ ಹೆಗಲು ಕೊಟ್ಟು ನೂಕುವುದೇ ಸ್ಕ್ರಮ್. ಮುಂದಿನ ಸಾಲಿನ ನಡುವಿನವನು ಹುಕರ್. ಅವನು ಕಾಲಿನಿಂದ ಚೆಂಡನ್ನು ಹಿಂದಕ್ಕೆಳೆಯುತ್ತಾನೆ. ಎಡಬಲದ ಇಬ್ಬರು ಪ್ರಾಪ್‌ಗಳು ಅವನನ್ನು ಬಿಗಿಯಾಗಿ ಹಿಡಿದಿರಬೇಕು" ಎಂದರು.

ಔರಾದಿನ ಮಾಣಿಕರಾವ್ ಮಾಸ್ತರರನ್ನು ಹುಕರ್ ಮಾಡಿದರು. ನಾನು ಮತ್ತು ಬೀದರಿನ ಖಾಜಾಮಿಯಾ ಮಾಸ್ತರರು ಪ್ರಾಪ್‌ಗಳು. ಖಾಜಾಮಿಯಾ ಕೈ ಚಾಚಿದೊಡನೆ ಮಾಣಿಕರಾವ್ ದೂರ ಸರಿದರು.

"ರಜಾಕಾರರ ಗದ್ಲದಾಗ ಇವರ ಮಂದಿ ನಮ್ಮ ಮನಿ ಸುಟ್ಟಾರ್ರಿ. ಇವರ ಕೈ ನನ್ನ ಮೈಮ್ಯಾಲ ಬ್ಯಾಡ."

ಖಾಜಾಮಿಯಾ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. "ಮಿಲ್ಟ್ರಿ ಬಂದಮ್ಯಾಲ ನಿಮ್ಮ ಮಂದಿ ನನ್ನ ತಮ್ಮನ್ನ ಕೊಂದ್ರು. ಅದನ್ನ ನಾ ನಿಮಗ ಕೇಳೀನೇನ್ರಿ?"

ಖಾಜಾಮಿಯಾ ಟೋಪಿ ತೆಗೆದುಕೊಂಡು ಮೈದಾನ ಬಿಟ್ಟು ನಡೆದರು. ನಾನು ಕರೆದರೂ ತಿರುಗಲಿಲ್ಲ. ಆ ವಾರವೇ ನೌಕರಿ ಬಿಟ್ಟು ಹೈದರಾಬಾದಿಗೆ ಹೋದರಂತೆ.

ಕನ್ನಡ ಬಾರದ ಕ್ಯಾಪ್ಟನ್‌ಗೆ ನಡೆದದ್ದನ್ನೆಲ್ಲ ನಾನು ಆಗಲೇ ಉರ್ದುವಿನಲ್ಲಿ ವಿವರಿಸಿದ್ದೆ. "ಅವರ ಜಗಳ ಅವರಿಗೆ. ನನಗೆ ಇನ್ನೊಬ್ಬ ಪ್ರಾಪ್ ಬೇಕು" ಎಂದು ಸೀಟಿ ಊದಿದರು.

ಸ್ವಲ್ಪ ದಿನಕ್ಕೆ ರಗ್ಬಿಯೇ ನಿಂತುಹೋಯಿತು. ಇಲ್ಲಿನ ಮಾಸ್ತರರ ಹೆಗಲಿಗೆ ಕಸುವು ಸಾಲದು ಎಂದು ಕಾರಣ ಕೊಟ್ಟರು ಕ್ಯಾಪ್ಟನ್ ಸಾಹೇಬರು.