ಎರಡು ಬೆರಳು ಎತ್ತುತ್ತಿದ್ದವನು

ಅವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಚಳ್ಳಕೆರೆಯಲ್ಲಿ ಕಾರು ಮಾಡಿಫೈ ಮಾಡಿಸಿದ ನಾವೆಲ್ಲ ಎದುರಾದಾಗ ಲೈಟ್ ಹೊಡೆದು ದಾಟುತ್ತಿದ್ದೆವು. ಅವನಿಗೆ ಮಾತ್ರ ಎಲ್ಲರೂ ಅವನಂತೆಯೇ ಕಿಟಕಿಯಿಂದ ಎರಡು ಬೆರಳು ಎತ್ತುತ್ತಿದ್ದರು. “ಮುಖ ಯಾಕ್ ನೋಡ್ತೀಯಲೇ, ಗಾಡಿ ನೋಡು,” ಎನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಹಳದಿ ದೀಪದ ಆ ಕಾರನ್ನು ನಾನೇ ಕೊಂಡೆ. ಮೊಳಕಾಲ್ಮೂರು ರಸ್ತೆಯಲ್ಲಿ ಎದುರಾದವರು ಈಗಲೂ ಎರಡು ಬೆರಳು ಎತ್ತುತ್ತಾರೆ. ಒಳಗೆ ಯಾರಿದ್ದಾರೆಂದು ಒಬ್ಬರೂ ನೋಡುವುದಿಲ್ಲ. ಬರಬರುತ್ತಾ ನನ್ನ ಬೆರಳೂ ತಾನಾಗಿ ಏಳತೊಡಗಿತು.

ಮೊನ್ನೆ ಮಧ್ಯಾಹ್ನ ಪರಶುರಾಂಪುರದಲ್ಲಿ ಅವನ ಮನೆ ಮುಂದೆ ಕಾರು ನಿಲ್ಲಿಸಿದೆ. ಸೈಲೆನ್ಸರ್ ಸದ್ದಿಗೆ ಅವನ ಅವ್ವ ಹೊರಬಂದರು. ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು.

“ಯಾಕಪ್ಪಾ ಇಷ್ಟೊತ್ತು? ಕೈ ತೊಳ್ಕೊಂಡು ಬಾ, ಮುದ್ದೆ ಬಿಸಿ ಐತೆ,” ಎಂದರು.

ನಾನು ಕಾರಿನಿಂದಿಳಿದು ನೇರ ಬಚ್ಚಲಿಗೆ ಹೋದೆ. ಹಿಂದೆಂದೂ ಕಾಲಿಡದ ಆ ಮನೆಯಲ್ಲಿ, ಅದು ಎಲ್ಲಿದೆ ಎಂದು ಕೇಳಲೇ ಇಲ್ಲ.