ಕೇಳದೆ ಕೊಟ್ಟ ಕಾಫಿ

ಉಕ್ಕಿ ಒಲೆಗೆ ಬಿದ್ದ ಹಾಲಿನ ವಾಸನೆ. ಮೊನ್ನೆ ಚನ್ನಗಿರಿಯಲ್ಲಿ ನೀವಿಬ್ಬರೂ ನನ್ನನ್ನು ಕರೆದುಕೊಂಡು ಹೋದ ಹೊಸ ಕಾಫಿ ಅಂಗಡಿಯಲ್ಲಿ ಅದೇ ವಾಸನೆ ಬಂತು. ಜಗಳೂರಿನ ಬಸ್ಸಿಗೆ ಹೊತ್ತಾಗಿತ್ತು. ಗೋಡೆಯ ತುಂಬ ಕಾಫಿಯ ಹೆಸರುಗಳು. ಮುಂದಿದ್ದವರು ಓದುತ್ತಲೇ ಇದ್ದರು, ಒಂದು ಹೇಳಿ ಮತ್ತೊಂದಕ್ಕೆ ಬದಲಾಯಿಸುತ್ತಿದ್ದರು. ನಾನು ಸೆರಗು ಬಿಗಿಹಿಡಿದು ಬಾಗಿಲ ಕಡೆಗೇ ನೋಡುತ್ತಿದ್ದೆ.

"ಅಜ್ಜಿ, ನಿಂಗೆ ಯಾವ್ದು?" ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಳು.

"ಏನೂ ಬ್ಯಾಡವ್ವ" ಎಂದೆ. ಅಂದ ಕೂಡಲೇ ಹೊನ್ನಾಳಿ ರಸ್ತೆಯ ಹೋಟೆಲಿನ ಅಕ್ಕ ನೆನಪಾದಳು.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ತ್ಯಾವಣಿಗೆಯಿಂದ ನ್ಯಾಮತಿಯ ತವರಿಗೆ ಹೋಗಿಬರುತ್ತಿದ್ದೆ. ಹೊನ್ನಾಳಿಗೆ ಸ್ವಲ್ಪ ಮೊದಲು ರಸ್ತೆ ಬದಿಯಲ್ಲಿ ಆಕೆಯ ತಗಡಿನ ಹೋಟೆಲು. ಡ್ರೈವರ್ ಕಾಫಿ ಕುಡಿದು ಹಾರನ್ ಹೊಡೆಯುವವರೆಗೆ ಬಸ್ಸು ಅಲ್ಲಿ ನಿಲ್ಲುತ್ತಿತ್ತು. ಹತ್ತಿರದಲ್ಲಿ ಬೇರೆ ಮನೆಗಳಿರಲಿಲ್ಲ. ಬಸ್ಸು ನಿಂತರೆ ಮಾತ್ರ ಆಕೆಗೆ ವ್ಯಾಪಾರ.

ಅಲ್ಲಿ ಸಿಗುತ್ತಿದ್ದುದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ ಅಷ್ಟೇ. ದೂರದ ತಿರುವಿನಲ್ಲಿ ಬಸ್ಸು ಕಂಡ ತಕ್ಷಣ ಆಕೆ ಲೋಟಗಳಿಗೆ ಕಾಫಿ ಸುರಿಯುತ್ತಿದ್ದಳು. ಏನು ಬೇಕೆಂದು ಯಾರನ್ನೂ ಕೇಳುತ್ತಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರನ್ನು ಕಾಫಿ ಕುಡಿಯುತ್ತೀರಾ ಎಂದು ಕೇಳುವುದಿಲ್ಲ, ತಂದು ಕೈಗೆ ಕೊಡುತ್ತಾರೆ. ಕೇಳಿದರೆ ಬಂದವರು ಸಂಕೋಚಕ್ಕಾದರೂ ಬೇಡ ಎನ್ನಲೇಬೇಕು. ಆಕೆ ಹೋಟೆಲನ್ನೂ ಮನೆಯಂತೆಯೇ ನಡೆಸಿದಳು.

ಮೊದಲ ಸಲ ನಾನು ಬಸ್ಸಿನಿಂದ ಇಳಿದಿರಲಿಲ್ಲ. ನಿಮ್ಮಜ್ಜನ ಕಾರ್ಯ ಮುಗಿದ ವಾರ ಅದು. ಮನೆಯಲ್ಲಿ ಎಲ್ಲರೂ ಉಣ್ಣುತ್ತೀಯಾ, ಕುಡಿಯುತ್ತೀಯಾ ಎಂದು ಕೇಳುತ್ತಿದ್ದರು. ನಾನು ಬೇಡ, ಬೇಡ ಎಂದೇ ದಿನ ದೂಡಿದ್ದೆ. ಆಕೆ ಕಿಟಕಿಯ ಹತ್ತಿರ ಬಂದು ಲೋಟವನ್ನು ಕೈಗಿಟ್ಟಳು.

"ಹಿಡೀರಿ, ಬಿಸಿ ಐತೆ."

ಕುಡಿದೆ... ಕಣ್ಣು ತುಂಬಿತು. ಆಕೆ ಅಷ್ಟರಲ್ಲಿ ಮುಂದಿನ ಕಿಟಕಿಗೆ ಹೋಗಿದ್ದಳು.

ಕೆಲವು ವರ್ಷಗಳ ಮೇಲೆ ಆಕೆಯ ಅಳಿಯ ಬಂದ. ಪ್ಯಾಟೆಯ ಹೋಟೆಲುಗಳನ್ನು ನೋಡಿ ಬಂದವನು. ಶುಂಠಿ ಚಹಾ, ಲಿಂಬೆ ಚಹಾ, ಬಾದಾಮಿ ಹಾಲು, ಬೆಲ್ಲದ ಕಾಫಿ, ಸ್ಟ್ರಾಂಗು, ಲೈಟು ಎಂದು ಉದ್ದನೆಯ ಬೋರ್ಡು ಬರೆಸಿ ತೂಗುಹಾಕಿದ.

"ಗಿರಾಕಿ ಕೇಳಿದ್ದು ಕೊಡಬೇಕು ಅತ್ತಿ, ಕಾಲ ಹಂಗೈತೆ."

"ಕೊಡಾಕೆ ನಂಗೇನು? ಅವ್ರು ಕೇಳಾದು ಯಾವಾಗ, ನಾ ಮಾಡಾದು ಯಾವಾಗ, ಬಸ್ಸು ಹೋಗಾದು ಯಾವಾಗ?" ಎಂದಳು. ಆದರೂ ಅಳಿಯನ ಮಾತು. ತೆಗೆದುಹಾಕಲಾಗಲಿಲ್ಲ.

ಜನ ಬೋರ್ಡಿನ ಮುಂದೆ ತಲೆ ಎತ್ತಿ ನಿಂತರು. "ಬಾದಾಮಿ ಹಾಲು ಕೊಡಕ್ಕ... ತಡಿ ತಡಿ, ಈ ಲಿಂಬೆ ಚಹಾ ಹೆಂಗಿರ್ತೈತೆ?" ಎಂದ ಒಬ್ಬ.

"ಕುಡುದ್ರೆ ಗೊತ್ತಾಗ್ತೈತೆ, ಜಲ್ದಿ ಹೇಳೋ ಮಾರಾಯ, ಹೆಣ್ಣು ನೋಡಾಕೆ ಬಂದಂಗೆ ನಿಂತೀಯಲ್ಲ" ಎಂದ ಹಿಂದಿನವನು.

ಒಂದು ಒಲೆ ನೋಡಿದರೆ ಇನ್ನೊಂದರ ಮೇಲೆ ಹಾಲು ಉಕ್ಕುತ್ತಿತ್ತು. ಹಾರನ್ ನಿಲ್ಲುತ್ತಿರಲಿಲ್ಲ. ಜನ ಅರ್ಧ ಕುಡಿದ ಲೋಟ ಇಟ್ಟು ಓಡುತ್ತಿದ್ದರು. ಆಕೆ ಈಗ ಕಿಟಕಿಗೆ ಬರಿಗೈಯಲ್ಲಿ ಬರುತ್ತಿದ್ದಳು.

"ನಿಮಗೇನು ಮಾಡ್ಲಿ ರೀ?"

"ಏನೂ ಬ್ಯಾಡ." ನನ್ನ ಬಾಯಿಗೆ ಬರುತ್ತಿದ್ದುದು ಅದೊಂದೇ. ಪಕ್ಕದ ಹೆಂಗಸರದೂ ಅದೇ ಉತ್ತರ.

ಒಂದು ದಿನ ಡ್ರೈವರ್ ಅಂದ: "ಅಕ್ಕ, ನಿನ್ ಹೋಟ್ಲಾಗೆ ನಿಲ್ಸಿದ್ರೆ ನ್ಯಾಮತಿ ಮುಟ್ಟಾದು ನಾಳೆನೇ."

"ಬೋರ್ಡು ಕಿತ್ತು ಹಾಕ್ತೀನಪ್ಪ. ನೀ ನಿಲ್ಸಾದು ಬಿಡಬ್ಯಾಡ" ಎಂದಳು. ನಗುತ್ತಲೇ ಅಂದಳು, ಆದರೆ ಬಸ್ಸು ಹೊರಡುವವರೆಗೂ ಡ್ರೈವರನ ಪಕ್ಕದಿಂದ ಕದಲಲಿಲ್ಲ.

ಮುಂದಿನ ಸಲ ಹೋದಾಗ ನಾನು ತಿರುವಿನಿಂದಲೇ ಕಿಟಕಿಗೆ ಅಂಟಿ ಕುಳಿತಿದ್ದೆ. ಬೋರ್ಡು ಇರಲಿಲ್ಲ. ಆಕೆ ರಸ್ತೆ ಅಂಚಿನಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಲೋಟಗಳೆಲ್ಲ ತುಂಬಿದ್ದವು, ಹಬೆಯಾಡುತ್ತಿದ್ದವು. ಬಸ್ಸು ನಿಲ್ಲಲಿಲ್ಲ. ಡ್ರೈವರ್ ಅಷ್ಟರಲ್ಲಿ ಬೇರೆ ಕಡೆ ನಿಲ್ಲಿಸುವ ರೂಢಿ ಮಾಡಿಕೊಂಡಿದ್ದ. ಆಕೆ ಒಂದೆರಡು ಹೆಜ್ಜೆ ಬಸ್ಸಿನ ಹಿಂದೆ ಬಂದಳು, ಕಾಫಿ ತುಳುಕಿತು... ಆಮೇಲೆ ಧೂಳು.

ಈಗ ಅಲ್ಲಿ ತಗಡೂ ಇಲ್ಲ. ಆಕೆ ಎಲ್ಲಿಗೆ ಹೋದಳೋ, ಇದ್ದಾಳೋ ಇಲ್ಲವೋ, ಕೇಳುವುದಕ್ಕೂ ಅಲ್ಲಿ ಯಾರೂ ಇಲ್ಲ.

ಮೊನ್ನೆ ನಿಮ್ಮ ಕಾಫಿ ಬರುವಷ್ಟರಲ್ಲಿ ಜಗಳೂರಿನ ಬಸ್ಸು ಹೊರಟಿತ್ತು. ಓಡಿ ಹತ್ತಿದೆವು. ನೀವಿಬ್ಬರೂ ಮುಚ್ಚಿದ ಕಾಗದದ ಲೋಟ ಹಿಡಿದು ಕುಡಿದಿರಿ. ನಾನು ಕಿಟಕಿಯ ಆಚೆ ನೋಡುತ್ತ ಕುಳಿತೆ.

ನನಗೂ ಕಾಫಿ ಬೇಕಾಗಿತ್ತು, ಮಕ್ಕಳೇ.