ಏನಂತೈತೆ ಹೇಳು

ನಮ್ಮ ಕಡೆ ತೆಂಗಿನಕಾಯಿ ಕಿತ್ತ ಮೇಲೆ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆತುರಪಟ್ಟು ಒಡೆದರೆ ಕೊಬ್ಬರಿ ಚಿಪ್ಪಿಗೆ ಕಚ್ಚಿಕೊಂಡು ಚೂರಾಗುತ್ತದೆ. ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಅಂದರೆ ಆಗಿದೆ, ಗುಳುಗುಳು ಅಂದರೆ ಇನ್ನೂ ಬಿಡಬೇಕು. ಇಷ್ಟೇ ವಿದ್ಯೆ. ಆದರೂ ನಮ್ಮೂರಲ್ಲಿ ಯಾರೂ ತಮ್ಮ ಕಿವಿಯನ್ನು ನಂಬುತ್ತಿರಲಿಲ್ಲ. ಮಾವನನ್ನು ಕರೆಸುತ್ತಿದ್ದರು.

ಯಾರಿಗೆ ಮಾವ ಅಂತ ಕೇಳಬೇಡಿ. ಊರಿಗೆಲ್ಲ ಮಾವ. ತಿಪಟೂರಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ, ಬಸ್‌ಸ್ಟಾಪಿನ ಎದುರು, ಅವರದೊಂದು ಬೀಡಾ ಅಂಗಡಿ. ಒಂದು ಹಳೇ ಮೊಪೆಡ್. ಅದರ ಹಾರನ್ನು ಮನೆಯಿಂದ ಅಂಗಡಿಯವರೆಗೂ ಒತ್ತಿಕೊಂಡೇ ಬರುತ್ತಿದ್ದರು. ಶೋಕಿ ಮನುಷ್ಯ ಅಂತ ನಾವು ನಗುತ್ತಿದ್ದೆವು. ಮಾತಿಗೆ ಮಾತು ಕೊಡುವುದರಲ್ಲೂ ಹಾಗೇ. “ಊಟ ಆಯ್ತಾ ಮಾವ?” ಅಂದರೆ “ಅವನ್ಗೆ ಹೆಣ್ಣು ಕೊಡೋರ್ಯಾರು ಬುಡಪ್ಪ!” ಅನ್ನುತ್ತಿದ್ದರು. ಬಸ್ ಕಾಯುವವರು ಹೊಟ್ಟೆ ಹಿಡಿದುಕೊಂಡು ನಗುವರು. ಇಂಥ ತಮಾಷೆಯ ಮನುಷ್ಯ ಸುತ್ತಮುತ್ತ ಎಲ್ಲೂ ಇಲ್ಲ ಅಂತ ಎಲ್ಲರಿಗೂ ಹೆಮ್ಮೆ.

ಅಟ್ಟದ ಕಾಯಿ ನೋಡಲು ಬಂದರೆ ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಕಾಫಿ, ಎಲೆಅಡಿಕೆ, ಅಷ್ಟೇ. ಅಟ್ಟದ ಒಂದೊಂದು ಮೂಲೆಯಿಂದ ನಾಲ್ಕಾರು ಕಾಯಿ ತರಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ತಲೆಯೆತ್ತಿ ಎದುರಿಗೆ ನಿಂತ ಮನೆಯವರನ್ನೊಮ್ಮೆ ನೋಡಿ ತೀರ್ಪು ಹೇಳುವರು. ಆಗಿದ್ದರೆ “ಮಾತಾಡ್ತೈತೆ.” ಆಗದಿದ್ದರೆ “ಇನ್ನೂ ಕುಡೀತೈತೆ.” ಸಿಪ್ಪೆ ಸುಲಿಯುವವರು ಆ ಮಾತು ಕೇಳಿದ ಮೇಲೆಯೇ ಕೆಲಸಕ್ಕೆ ಕೈ ಹಾಕುತ್ತಿದ್ದರು.

ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದ ವರ್ಷ ಈ ವಿದ್ಯೆಯ ಹುಚ್ಚು ಹತ್ತಿಸಿಕೊಂಡೆ. ಯಾರೂ ಕಲಿಸಲಿಲ್ಲ. ದಿನಾ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುವುದು, ಸದ್ದನ್ನು ಫೋನಿನಲ್ಲಿ ಹಿಡಿದು ರಾತ್ರಿ ಇಯರ್‌ಫೋನ್ ಹಾಕಿ ಕೇಳುವುದು. ಮೂರು ತಿಂಗಳಲ್ಲಿ ನನಗೆ ಎಲ್ಲ ಬರುತ್ತದೆ ಅನ್ನಿಸಿತು.

ಆ ಸಲ ಅಮ್ಮ ಕಾಲು ಉಳುಕಿಸಿಕೊಂಡು ಪಡಸಾಲೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಮಾವನ ಮುಂದೆ ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಅವರಿಗೂ ನನಗೂ ತಾಳೆಯಾಗುತ್ತದಾ ನೋಡೋಣ ಅಂತ, ಪರೀಕ್ಷೆ ಹಾಲಿನ ಮೇಷ್ಟ್ರ ಹಾಗೆ ಮುಖ ಬಿಗಿದುಕೊಂಡು ನಿಂತೆ. ಮಾವ ಮೊದಲನೇ ಕಾಯಿ ಅಲ್ಲಾಡಿಸಿದರು. ನಾನು ನಿಂತಲ್ಲಿಗೇ ಗುಳುಗುಳು ಕೇಳಿಸಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಇನ್ನೊಂದು ಸಲ ಅಲ್ಲಾಡಿಸಿದರು. ಮತ್ತೆ ನೋಡಿದರು.

“ಮಾತಾಡ್ತೈತೆ,” ಅಂದರು.

“ಅಯ್ಯೋ ಮಾವ, ನೀರು ಗುಳುಗುಳು ಅಂತೈತಲ್ಲ!” ಅಂತ ಕಿರುಚಿಯೇಬಿಟ್ಟೆ.

ಸುಲಿಯಲು ಬಂದಿದ್ದ ಇಬ್ಬರು ತಿರುಗಿ ನೋಡಿದರು. ಅವರಲ್ಲಿ ಒಬ್ಬ, “ಲೇ, ಮಾವನ ಕಿವಿಗೇ ನೀರು ತುಂಬ್ಕಂಡೈತೆ ಕಣ್ಲಾ!” ಅಂತ ನಕ್ಕ. ಮಾವ ನಗಲಿಲ್ಲ. ಕಾಯಿ ಅವರ ಕೈಯಲ್ಲೇ ಇತ್ತು. ಈ ಮಾತು ಸಂಜೆಯೊಳಗೆ ಬಸ್‌ಸ್ಟಾಪಿಗೆ ಮುಟ್ಟಿದರೆ ನಾಳೆಯಿಂದ ಯಾವ ಮನೆಯವರೂ ಅವರನ್ನು ಅಟ್ಟದ ಕೆಳಗೆ ಕೂರಿಸುವುದಿಲ್ಲ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಅಮ್ಮ ಕುಂಟಿಕೊಂಡು ಬಾಗಿಲಿಗೆ ಬಂದಳು. “ಅವ್ರು ನಿನ್ನ ಪರೀಕ್ಷೆ ಮಾಡಿದ್ದು ಕಣೇ ದಡ್ಡಿ! ದಿನಾ ಅಟ್ಟ ಹತ್ತಿ ಏನು ಕಿಸಿದಿದ್ದೀಯಾ ಅಂತ. ಏನ್ ಮಾವ, ಪಾಸಾ ಫೇಲಾ?” ಅಂತ ಬೀದಿಗೆ ಕೇಳುವ ಹಾಗೆ ಕೂಗಿದಳು.

ಮಾವ ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. “ಪಾಸು ಕಣವ್ವ,” ಅಂದರು ನಿಧಾನವಾಗಿ. ಇನ್ನೊಂದು ಕಾಯಿ ತಗೊಂಡು ಅಲ್ಲಾಡಿಸಿ ನನ್ನ ಕಡೆ ಹಿಡಿದರು. “ಇದು ಏನಂತೈತೆ ಹೇಳು?”

“ಮಾತಾಡ್ತೈತೆ ಮಾವ.”

“ಸೈ.”

ಆವತ್ತಿನ ಕಾಯಿಗಳೆಲ್ಲ ಹೀಗೇ ಮುಗಿದವು. ನಕ್ಕವನೂ ಕೊನೆಗೆ, “ಮಾವ, ನಮ್ಮ ಹುಡುಗೀಗೂ ಒಂದಿಷ್ಟು ಹೇಳ್ಕೊಡ್ರಿ,” ಅಂದ.

ಅವರ ಮೊಪೆಡ್ಡಿನ ಹಾರನ್ ದೂರವಾದ ಮೇಲೆ ಅಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡಳು. “ಅವ್ರು ಕಾಯಿ ಕೇಳಲ್ಲ, ನಮ್ಮ ಮುಖ ನೋಡ್ತಾರೆ. ಕಿವಿ ಹೋಗಿ ಎಷ್ಟೋ ವರ್ಷ ಆಯ್ತು. ಕಾಯಿ ಆಗಿದ್ರೆ ನಾನು ಒಂಚೂರು ನಗ್ತೀನಿ. ನೀನು ಗೋಡೆ ಥರ ನಿಂತ್ಕಂಡ್ರೆ ಅವ್ರೇನು ಮಾಡ್ತಾರೆ?”

“ಗೊತ್ತಿದ್ದೂ ಯಾಕಮ್ಮ ಕರೀತೀಯಾ?”

“ಕರೀದೆ ಇದ್ರೆ ಅವ್ರು ಎಲ್ಲಿಗೆ ಹೋಗ್ತಾರೆ?”

ಅಲ್ಲಿಂದ ಮುಂದೆ ಮಾವ ಯಾವ ಮನೆಗೆ ಹೋದರೂ ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ಕರೆಯುತ್ತಿದ್ದರು. ಕಾಯಿ ಅಲ್ಲಾಡಿಸುವುದು, “ಏನಂತೈತೆ ಹೇಳು?” ಅನ್ನುವುದು, “ಸೈ” ಅನ್ನುವುದು. ಮಾವ ವಿದ್ಯೆ ದಾನ ಮಾಡುತ್ತಿದ್ದಾರೆ ಅಂತ ಊರು ಹೊಗಳಿತು. ಅದು ಸುಳ್ಳು ಅನ್ನುವುದಕ್ಕೂ ಬರುವುದಿಲ್ಲ. ಇವತ್ತು ನಮ್ಮ ಬೀದಿಯಲ್ಲಿ ಕಾಯಿ ಕೇಳಲು ಬಾರದ ಹುಡುಗಿ ಇಲ್ಲ.

ಮಾವ ಹೋಗಿ ವರ್ಷವಾಯಿತು. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಮೊನ್ನೆ ಹಿಂದಿನ ಬೀದಿಯ ಅಜ್ಜಿಯೊಬ್ಬರು, “ಮಾವನ ಹತ್ರ ಪಾಸಾದೋಳು ನೀನೇ ತಾನೇ, ಬಂದು ನಮ್ಮ ಅಟ್ಟ ನೋಡು,” ಅಂತ ಕರೆದರು. ಹೋದೆ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಲೊಡಲೊಡ ಸ್ಪಷ್ಟವಾಗಿಯೇ ಕೇಳಿಸಿತು. ಆದರೂ ಹೇಳುವ ಮೊದಲು ತಲೆಯೆತ್ತಿ ಅಜ್ಜಿಯ ಮುಖ ನೋಡಿದೆ. ಅಜ್ಜಿ ಒಂಚೂರು ನಕ್ಕರು.